ಎರಡನೆಯ ಕಾಲುಚೀಲ

ಮಾರ್ಸ್‌ಡೆನ್‌ನ ಕೊನೆಯ ಸ್ಟಾಪಿನಲ್ಲಿ ಬಸ್ಸು
ಹನ್ನೊಂದು ನಿಮಿಷ ಸುಮ್ಮನೆ ನಿಲ್ಲುತ್ತದೆ.
ಎಂಜಿನ್ ಆರಿಸಿ, ಸೀಟಿನ ಕೆಳಗಿಂದ
ಬ್ರೆಡ್ಡಿನ ಚೀಲ ತೆಗೆಯುತ್ತೇನೆ.
ಒಳಗೆ ಬ್ರೆಡ್ಡಿಲ್ಲ.
ಎರಡು ಬಿದಿರು ಕಡ್ಡಿ, ಸಾಸಿವೆ ಬಣ್ಣದ ಉಂಡೆ,
ಹುಟ್ಟಿಯೂ ಹುಟ್ಟದ ಏನೋ ಒಂದು.

ಕಲಿಸಿದವಳು ಮೇವಿಸ್ ಹಾಲ್‌ರಾಯ್ಡ್.
ಎಂಬತ್ತರ ಮೇಲೆಷ್ಟೋ, ಕೇಳಬಾರದು.
ಮುಂದಿನ ಸೀಟು ಅವಳದೇ, ಬರೆದುಕೊಟ್ಟಂತೆ.
ಒಂದು ಗುರುವಾರ ನನ್ನ ಕೈ ನೋಡಿ
"ಸ್ಟೀರಿಂಗ್ ಬಿಟ್ಟಾಗ ಈ ಬೆರಳು ಏನು ಮಾಡುತ್ತವೆ?" ಅಂದಳು.
ಏನಿಲ್ಲ, ಅಂದೆ. ಕಿಸೆಯಲ್ಲಿರುತ್ತವೆ.
"ಛೆ, ಅನ್ಯಾಯ."

ಆಗ ಹೇಳಲಿಲ್ಲ ನಾನು,
ನಮ್ಮ ಮನೆತನವೇ ತುಪ್ಪಟದ್ದು ಎಂದು;
ರಾಣೆಬೆನ್ನೂರ ಕಡೆ, ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು
ಅಜ್ಜ ಕಂಬಳಿ ನೇಯುತ್ತಿದ್ದ,
ಹುಣಸೆಬೀಜದ ಸರಿ ಬಳಿದ ಹಾಸು
ಬಿಸಿಲಿಗೆ ಒಣಗುವಾಗ ಓಣಿಯೆಲ್ಲ ಅದೇ ನಾತ.
ನಡೆಯುತ್ತಲೇ ಕದಿರು ತಿರುಗಿಸುವ ಗಂಡಸರು,
ಕುರಿ ಮುಂದೆ, ನೂಲು ಹಿಂದೆ.
ಆ ನಾತಕ್ಕೇ ನಾನು ಓಡಿದ್ದು.
ಶಾಲೆಯಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡಿದ್ದ.

ಸೀದಾ ಒಂದು, ಉಲ್ಟಾ ಒಂದು.
ಕಡ್ಡಿ ತೂರಿಸು, ನೂಲು ಸುತ್ತು, ಎಳೆದುಕೋ, ಬಿಡು.
ಬಿಡುವುದೇ ಕಷ್ಟ.
ಕುಣಿಕೆಗಳನ್ನು ಹೋರಿ ಕಟ್ಟುವಂತೆ ಬಿಗಿದೆ,
ಕಡ್ಡಿ ಕಿರ್ರೆಂದಿತು.
"ಮ್ಯಾಲ್, ಅದು ನೂಲು, ಹ್ಯಾಂಡ್‌ಬ್ರೇಕ್ ಅಲ್ಲ."
ಮಾಳಪ್ಪನನ್ನು ಬಿಚ್ಚಿ
ಅವಳು ಉಳಿಸಿಕೊಂಡದ್ದು ಅಷ್ಟೇ.

ತಿಂಗಳಿಗೊಮ್ಮೆ ಲೈಬ್ರರಿಯ ಉದ್ದ ಮೇಜಿನ ಮೇಲೆ
ಎಲ್ಲರೂ ತಂತಮ್ಮದು ಹರಡುತ್ತಾರೆ:
ಟೀ ಕೆಟಲಿಗೊಂದು ಟೋಪಿ, ಮೊಮ್ಮಗುವಿಗೆ ನೀರಾನೆ,
ಪ್ರಿಸಿಲ್ಲಾಳ ಕೋಟು, ಹನ್ನೆರಡು ವರ್ಷದಿಂದ ಒಂದೇ ತೋಳಿನದು,
ಮುದುಕ ಪೋಸ್ಟ್‌ಮನ್ ಕ್ಲಿಫರ್ಡ್ ನಾಯಿಗೆಂದು ಹೆಣೆದದ್ದು,
ನಾಯಿ ಒಪ್ಪದ್ದು.
ನಾನು ಮಫ್ಲರ್ ಇಟ್ಟೆ.
ಇಪ್ಪತ್ನಾಲ್ಕು ಕುಣಿಕೆಯಲ್ಲಿ ಹೊರಟದ್ದು
ಮೂವತ್ತೊಂದರಲ್ಲಿ ತಲುಪಿತ್ತು,
ಇತ್ತ ಸೊರಗಿ, ಅತ್ತ ಬಸುರಾಗಿ.
ಎಣಿಸಿದರು, ಮತ್ತೆ ಎಣಿಸಿದರು.
"ದಾರಿಯಲ್ಲಿ ಏಳು ಜನ
ಟಿಕೆಟ್ಟಿಲ್ಲದೆ ಹತ್ತಿದ್ದಾರೆ," ಅಂದಳು ಮೇವಿಸ್.
ಮೇಜಿಗೆ ಮೇಜೇ ನಕ್ಕಿತು.

ಆ ನಗುವಿನಲ್ಲಿ ಬಾಯಿ ಬಿಟ್ಟೆ: ಅಜ್ಜ, ಕುಣಿ, ಹುಣಸೆಬೀಜ.
ಕ್ಲಿಫರ್ಡ್ ಕನ್ನಡಕ ತೆಗೆದು ಕೇಳಿದ,
ಆ ಸರಿ ಎಷ್ಟು ಹೊತ್ತು ಕುದಿಯಬೇಕು?
ಇಪ್ಪತ್ತು ವರ್ಷದಲ್ಲಿ ಇಲ್ಲಿ ಯಾರೂ
ನನ್ನ ಮನೆಯದೊಂದು ವಿದ್ಯೆ ಕೇಳಿರಲಿಲ್ಲ.
ಕೇಳಿದಾಗ, ನನಗೆ ಗೊತ್ತಿರಲಿಲ್ಲ.

ರಾತ್ರಿ ಅಕ್ಕನಿಗೆ ಫೋನು.
"ಉಗುರಿಗೆ ಅಂಟೋತನಕ ಕುದಿಸ್ಬೇಕು," ಅಂದಳು,
"ಯಾಕೋ, ಅಲ್ಲಿ ಮಗ್ಗ ಹಾಕ್ತೀಯೇನು?"

ನವೆಂಬರಿನಲ್ಲಿ ಮೇವಿಸಳ ಬೆರಳು ಶುಂಠಿಯಾಯಿತು.
ಹತ್ತಿದಳು, ಪಾಸು ತೋರಿಸಿದಳು,
ಗಾಜಿನ ಸಂದಿಯಿಂದ ಕಾಲುಚೀಲವೊಂದನ್ನು ತೂರಿಸಿದಳು.
ಬೂದುನೀಲಿ; ಹಿಮ್ಮಡಿ ತಿರುವು
ಕಾಲುವೆಯಲ್ಲಿ ನೀರು ಹೊರಳಿದಷ್ಟು ನಯ.
"ಒಂದು ಆಗಿದೆ. ಕಾಲು ಎರಡಿವೆ ನನಗೆ."

ಹನ್ನೊಂದು ನಿಮಿಷಕ್ಕೆ ಹನ್ನೊಂದು ಕೂಡಿಸುತ್ತ,
ಹೊಗೆ ಮರೆತ ಗಿರಣಿ ಚಿಮಣಿಯ ಎದುರು
ಹಿಮ್ಮಡಿಯನ್ನೇ ಮೂರು ಸಲ ಬಿಚ್ಚಿದೆ.
ಬಿಚ್ಚಿದ ನೂಲು ನೆಟ್ಟಗಾಗುವುದಿಲ್ಲ,
ಗುಂಗುರು ಗುಂಗುರಾಗಿ
ಹಳೆಯ ತಿರುವನ್ನೇ ಹೊತ್ತು ಬರುತ್ತದೆ.
ಅವಳದು ಸಡಿಲ, ನನ್ನದು ಬಿಗಿ.
ಜೊತೆಗಿಟ್ಟರೆ ಒಡಹುಟ್ಟಿದವಲ್ಲ,
ನೆಂಟರು. ಅದೂ ದೂರದ.

ಜನವರಿ, ಮೊದಲ ಹಿಮ.
ಬಾಗಿಲು ಉಸ್ಸೆಂದು ತೆರೆದಾಗ ಮೇವಿಸ್
ಮೆಟ್ಟಿಲಲ್ಲೇ ನಿಂತು
ಪ್ಯಾಂಟಿನ ಅಂಚು ಎರಡೂ ಎತ್ತಿದಳು,
ಹಿಂದೆ ಸಾಲು ಗೊಣಗುತ್ತಿತ್ತು.
"ಬಲಗಾಲು ಕಚ್ಚುತ್ತದೆ," ಅಂದಳು.
"ಬೆಚ್ಚಗೂ ಇದೆ."
ಪಾಸು ತೋರಿಸಲಿಲ್ಲ.
ನಾನು ಕೇಳಲಿಲ್ಲ.

ಎರಡು ನಿಮಿಷ ತಡವಾಗಿ ಹೊರಟೆವು.